ಸಭಾಹಿರಿಯರನ್ನು ನೇಮಿಸುವ ಮೊದಲು ಅವರ ನಡತೆಯನ್ನು ಪರೀಕ್ಷಿಸುವುದು ಹೇಗೆ

ಸಭೆಗೆ ಹಿರಿಯರನ್ನೋ ಪಾಸ್ಟರನ್ನೋ ಆರಿಸುವ ಹೊತ್ತು ಬಂದಾಗ ಮೊದಲು ಕೇಳಿಬರುವ ಮಾತುಗಳು ಇವು: 'ಚೆನ್ನಾಗಿ ಪ್ರಸಂಗ ಮಾಡುತ್ತಾರೆ', 'ಪ್ರಾರ್ಥನೆಗೆ ನಿಂತರೆ ಎಲ್ಲರ ಕಣ್ಣಲ್ಲೂ ನೀರು', 'ದೊಡ್ಡವರ ಪರಿಚಯ ಇದೆ, ಕೆಲಸ ಆಗುತ್ತದೆ'. ಪೌಲನು ಎಫೆಸದಲ್ಲಿದ್ದ ತಿಮೊಥೆಯನಿಗೆ ಬರೆದ ಪಟ್ಟಿಯನ್ನು (1 ತಿಮೊಥೆಯ 3:1-7) ಒಂದೊಂದೇ ಪದದ ಮೇಲೆ ಬೆರಳಿಟ್ಟು ಓದಿ ನೋಡಿ. ಬೋಧಿಸುವ ಸಾಮರ್ಥ್ಯವೊಂದನ್ನು ಬಿಟ್ಟರೆ ಉಳಿದದ್ದೆಲ್ಲ ನಡತೆಗೆ ಸೇರಿದ್ದು. ಕೋಪ, ಕುಡಿತ, ಹಣದಾಸೆ, ದಾಂಪತ್ಯ, ಮಕ್ಕಳು, ಮನೆಗೆ ಬಂದವರ ಸತ್ಕಾರ, ಹೊರಗಿನವರ ಸಾಕ್ಷಿ. ಇವೆಲ್ಲ ಜೊತೆಗಿದ್ದವರು ಕಣ್ಣಾರೆ ಕಂಡು ಹೇಳಬಹುದಾದ ವಿಷಯಗಳು. ವೇದಿಕೆಯ ಮೇಲೆ ಕಾಣುವಂಥವಲ್ಲ. ಹಾಗಾಗಿ ಇವನ್ನು ಹೋಗಿ ವಿಚಾರಿಸಿಯೇ ತಿಳಿಯಬೇಕು. ಆ ವಿಚಾರಣೆಯನ್ನು ಯಾರ ಮಾನವನ್ನೂ ಕಳೆಯದೆ, ಯಾರ ಮುಲಾಜಿಗೂ ಬೀಳದೆ ಮಾಡುವ ಕ್ರಮ ಇಲ್ಲಿದೆ.

ಕ್ರೇತದಲ್ಲಿದ್ದ ತೀತನಿಗೆ ಬರೆದ ಪಟ್ಟಿಯೂ (ತೀತ 1:5-9) ಹೆಚ್ಚುಕಡಿಮೆ ಇದೇ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಹೊಸದಾಗಿ ಸಭೆಗೆ ಸೇರಿದವನನ್ನು ನೇಮಿಸಬಾರದು ಎಂಬ ಮಾತು ಎಫೆಸಕ್ಕೆ ಬರೆದ ಪಟ್ಟಿಯಲ್ಲಿದೆ, ಕ್ರೇತದ ಪಟ್ಟಿಯಲ್ಲಿಲ್ಲ. ಎಫೆಸದ ಸಭೆಗೆ ಆಗಲೇ ಕೆಲವು ವರ್ಷಗಳಾಗಿದ್ದವು, ಹಿರಿಯರು ಇದ್ದರು. ಕ್ರೇತದಲ್ಲಿ ಊರೂರಿಗೂ ಆಗಷ್ಟೇ ಹಿರಿಯರನ್ನು ನೇಮಿಸಬೇಕಿತ್ತು, ಇದ್ದವರಲ್ಲಿ ಬಹುಪಾಲು ಹೊಸಬರೇ ಆಗಿದ್ದಿರಬೇಕು. ಹೊಸ ಹಳ್ಳಿಸಭೆಗೂ ನೂರು ವರ್ಷದ ಪೇಟೆಸಭೆಗೂ ಕಾಲದ ಅಳತೆ ಒಂದೇ ಇರಬೇಕಾಗಿಲ್ಲ ಎಂದು ಇದರಿಂದ ತಿಳಿಯಬಹುದು. ಆದರೆ ನಡತೆಯ ಅಳತೆ ಎರಡೂ ಕಡೆ ಒಂದೇ.

ಯಾರು ವಿಚಾರಿಸಬೇಕು, ಎಷ್ಟು ದಿನ

ಐದು ಜನರ ಒಂದು ಪರಿಶೀಲನಾ ಸಮಿತಿ ಸಾಕು. ಅದರಲ್ಲಿ ಕನಿಷ್ಠ ಇಬ್ಬರು ಹೆಂಗಸರು ಇರಲೇಬೇಕು, ಕಾರಣ ಮುಂದೆ ಬರುತ್ತದೆ. ಅಭ್ಯರ್ಥಿಯ ಬೀಗರು, ವ್ಯಾಪಾರದ ಪಾಲುದಾರರು, ಅವರಿಂದ ಸಾಲ ಪಡೆದವರು ಅಥವಾ ಅವರಿಗೆ ಸಾಲ ಕೊಟ್ಟವರು ಬೇಡ. ಒಂದೇ ಕುಟುಂಬದಿಂದ ಇಬ್ಬರು ಬೇಡ. ಹತ್ತಿರದ ಇನ್ನೊಂದು ಸಭೆಯಿಂದ ಅನುಭವಸ್ಥರೊಬ್ಬರನ್ನು ಕರೆದುಕೊಂಡರೆ ಒಳ್ಳೆಯದು. ಊರಿನ ಹಳೇ ಗುಂಪುಗಳ ಲೆಕ್ಕಾಚಾರ ಅವರ ಮುಂದೆ ನಡೆಯುವುದಿಲ್ಲ.

ಪಾಸ್ಟರ್ ಹುದ್ದೆಗಾದರೆ ಆರು ತಿಂಗಳು, ಸಭೆಯೊಳಗಿನವರೇ ಹಿರಿಯರಾಗುವುದಾದರೆ ಮೂರು ತಿಂಗಳು ಇಟ್ಟುಕೊಳ್ಳಿ. ಅವಸರದಲ್ಲಿ ಯಾರ ಮೇಲೂ ಹಸ್ತವಿಟ್ಟು ನೇಮಿಸಬಾರದು ಎಂದು ಪೌಲನು ಹೇಳಿದ ಜಾಗದಲ್ಲೇ (1 ತಿಮೊಥೆಯ 5:22-24) ಅದರ ಕಾರಣವೂ ಇದೆ: ಕೆಲವರ ಪಾಪ ಮುಂಚೆಯೇ ಎದ್ದು ಕಾಣುತ್ತದೆ, ಕೆಲವರದು ತಡವಾಗಿ ಹಿಂದಿನಿಂದ ಬರುತ್ತದೆ. ತಡವಾಗಿ ಬರುವುದು ಬರಲಿ ಎಂದೇ ಈ ತಿಂಗಳುಗಳು. ಕ್ರಿ.ಶ. 325ರಲ್ಲಿ ಬಿಷಪರು ಸೇರಿದ್ದ ನಿಕೇಯ ಮಹಾಸಭೆ ಕೂಡ ಹೊಸದಾಗಿ ದೀಕ್ಷಾಸ್ನಾನ ಪಡೆದವರನ್ನು ಕೂಡಲೇ ಸಭೆಯ ಹುದ್ದೆಗೆ ಏರಿಸಬಾರದೆಂದು ನಿಯಮ ಮಾಡಿತು. ಆಗಲೂ ಅವಸರದ ನೇಮಕಗಳು ನಡೆದು ಸಭೆಗಳು ಪೆಟ್ಟು ತಿಂದಿದ್ದವು.

ಕೆಲಸ ಶುರುವಾಗುವ ಮೊದಲು ಅಭ್ಯರ್ಥಿಗೆ ಎಲ್ಲವನ್ನೂ ಬಿಚ್ಚಿ ಹೇಳಿ, ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಅವರೇ ಐದು ಜನರ ಹೆಸರು ಕೊಡಲಿ, ಸಮಿತಿ ತಾನಾಗಿ ಇನ್ನು ಮೂವರನ್ನು ಹುಡುಕಿಕೊಳ್ಳಲಿ. ಅವರು ಕೊಟ್ಟ ಐದು ಜನ ಬಹುತೇಕ ಒಳ್ಳೆಯದನ್ನೇ ಹೇಳುತ್ತಾರೆ. ಉಪಯೋಗಕ್ಕೆ ಬರುವುದು ಆ ಮೂವರ ಮಾತು. ಹಿಂದಿನ ಸಭೆಯೊಂದನ್ನು ಬಿಟ್ಟು ಬಂದವರಾದರೆ ಅಲ್ಲಿಗೆ ಫೋನ್ ಮಾಡಿ ಮುಗಿಸಬೇಡಿ, ಹೋಗಿ ಬನ್ನಿ. ಅಲ್ಲಿನ ಪಾಸ್ಟರನ್ನು ಮಾತ್ರವಲ್ಲ, ಖಜಾಂಚಿಯನ್ನೂ ಸ್ತ್ರೀ ಸಂಘದವರನ್ನೂ ಬೇರೆಬೇರೆಯಾಗಿ ಕಾಣಿ.

ಪ್ರಶ್ನೆ ಕೇಳುವ ರೀತಿ

'ಅವರು ಹೇಗೆ, ಒಳ್ಳೆಯವರಾ?' ಎಂದು ಕೇಳಿದರೆ 'ಒಳ್ಳೆಯವರೇ' ಎಂಬ ಉತ್ತರ ಬರುತ್ತದೆ. ನಮ್ಮಲ್ಲಿ ಯಾರೂ ಇನ್ನೊಬ್ಬರ ಬಾಯಿಗೆ ಮಣ್ಣು ಹಾಕಲು ಮುಂದಾಗುವುದಿಲ್ಲ. ಆದ್ದರಿಂದ ಅಭಿಪ್ರಾಯ ಕೇಳಬೇಡಿ, ನಡೆದದ್ದನ್ನು ಕೇಳಿ. 'ಸಭೆಯಲ್ಲಿ ಅವರ ಮಾತು ಬಿದ್ದುಹೋದಾಗ ಮಾರನೇ ವಾರ ಹೇಗಿದ್ದರು?' 'ಕಳೆದ ಒಂದು ವರ್ಷದಲ್ಲಿ ಯಾರ ಹತ್ತಿರವಾದರೂ ತಪ್ಪಾಯಿತು ಎಂದು ಕೇಳಿದ್ದನ್ನು ಕಂಡಿದ್ದೀರಾ?' 'ಕೊಡುತ್ತೇನೆಂದ ತಾರೀಖಿಗೆ ಹಣ ಕೊಟ್ಟರಾ?' ಇಂಥ ಪ್ರಶ್ನೆಗೆ ಜನ ನೆನಪಿಸಿಕೊಂಡು ಉತ್ತರ ಕೊಡುತ್ತಾರೆ. ಕೊಡಲಾರದೆ ಸುಮ್ಮನಾದರೆ ಅದನ್ನೂ ಬರೆದುಕೊಳ್ಳಿ.

ಇಬ್ಬರು ಜೊತೆಯಾಗಿ ಹೋಗಿ. ಒಬ್ಬರು ಕೇಳಲಿ, ಒಬ್ಬರು ಬರೆದುಕೊಳ್ಳಲಿ. ಕೇಳಿದ್ದನ್ನು ಸಮಿತಿಯ ಐವರಲ್ಲದೆ ಬೇರೆ ಯಾರಿಗೂ ಹೇಳಬಾರದು, ಹೆಂಡತಿ ಗಂಡಂದಿರಿಗೂ ಹೇಳಬಾರದು.

ಮನೆ

ಪೌಲನ ಪಟ್ಟಿಯಲ್ಲಿರುವ ತನ್ನ ಮನೆಯವರನ್ನು ಚೆನ್ನಾಗಿ ಆಳುವವನಾಗಿರಬೇಕು ಎಂಬ ಮಾತನ್ನು 'ಮನೆಯವರು ಹೆದರಿ ಬಾಯಿ ಮುಚ್ಚಿಕೊಂಡಿದ್ದಾರೆ' ಎಂದು ಓದುವವರಿದ್ದಾರೆ. ಆ ವಾಕ್ಯದ ಮುಂದಿನ ಮಾತು ಇದನ್ನು ತಡೆಯುತ್ತದೆ: ಮನೆಯನ್ನು ನಡೆಸಲಾರದವನು ದೇವರ ಸಭೆಯನ್ನು ಹೇಗೆ ಪರಾಮರಿಸಿಯಾನು? ಪರಾಮರಿಕೆ ಎಂದರೆ ಹಿಂಡನ್ನು ನೋಡಿಕೊಳ್ಳುವ ಕೆಲಸ. ಊಟದ ಹೊತ್ತಿಗೆ ಎರಡು ಸಲ ಅವರ ಮನೆಗೆ ಹೋಗಿ ಬನ್ನಿ, ಒಮ್ಮೆ ಹೇಳಿ, ಒಮ್ಮೆ ಹೇಳದೆ. ಮಕ್ಕಳು ತಂದೆಯ ಎದುರು ಸಲೀಸಾಗಿ ಮಾತಾಡುತ್ತಾರೋ, ಅಪ್ಪ ಬಂದರೆಂದು ಎದ್ದು ಒಳಗೆ ಹೋಗುತ್ತಾರೋ ನೋಡಿ.

ಹೆಂಡತಿಯ ಹತ್ತಿರ ಸಮಿತಿಯ ಇಬ್ಬರು ಹೆಂಗಸರೇ ಮಾತಾಡಬೇಕು, ಗಂಡ ಮನೆಯಲ್ಲಿ ಇಲ್ಲದಾಗ. ಕೋಪ ಬಂದಾಗ ಏನು ಮಾಡುತ್ತಾರೆ, ಮನೆ ಖರ್ಚನ್ನು ಯಾರು ತೀರ್ಮಾನಿಸುತ್ತಾರೆ, ಫೋನ್ ಬಚ್ಚಿಡುತ್ತಾರಾ, ಈ ಹುದ್ದೆ ಬರುವುದು ನಿಮಗೆ ಮನಸ್ಸಿದೆಯಾ. ಕೊನೆಯ ಪ್ರಶ್ನೆಗೆ ಆಕೆ ತಡವರಿಸಿದರೆ ಕಾರಣ ತಿಳಿಯುವವರೆಗೆ ಮುಂದೆ ಹೋಗಬೇಡಿ. ಹೊಡೆಯುತ್ತಾರೆ ಎಂದು ಆಕೆ ಹೇಳಿದರೆ ನೇಮಕದ ಮಾತು ಅಲ್ಲಿಗೆ ಮುಗಿಯಿತು. ಆಮೇಲೆ ನೋಡಬೇಕಾದದ್ದು ಆಕೆಯ ಸುರಕ್ಷತೆ. ಆಕೆ ಹೇಳಿದ್ದನ್ನು ಹಿಡಿದುಕೊಂಡು ಗಂಡನನ್ನು ಕೇಳಲು ಹೋದರೆ ಆ ರಾತ್ರಿ ಪೆಟ್ಟು ತಿನ್ನುವವಳು ಆಕೆಯೇ. ಮಹಿಳಾ ಸಹಾಯವಾಣಿ 181ನ್ನು ಆಕೆಗೆ ತಿಳಿಸಿ, ಆಕೆಗೆ ಬೇಕಾದಾಗ ಬಂದಿರಬಹುದಾದ ಒಂದು ಮನೆಯನ್ನು ತೋರಿಸಿ.

ಬೆಳೆದ ಮಗ ಸಭೆಗೆ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ ತಂದೆಯನ್ನು ತಳ್ಳಿಹಾಕಬೇಡಿ. ಯಾಜಕನಾದ ಏಲಿ ಎಂಬವನ ಕಥೆ ಇಲ್ಲಿ ಸರಿಯಾದ ಅಳತೆಗೋಲು. ಅವನ ಗಂಡುಮಕ್ಕಳು ಜನರು ತಂದ ಬಲಿಯ ಮಾಂಸವನ್ನು ಬಲವಂತದಿಂದ ಕಿತ್ತುಕೊಳ್ಳುತ್ತಿದ್ದರು. ಏಲಿ ಗದರಿದನು, ಆದರೆ ಅವರನ್ನು ಯಾಜಕರ ಜಾಗದಿಂದ ಕೆಳಗಿಳಿಸಲಿಲ್ಲ (1 ಸಮುವೇಲ 2-3). ಮಕ್ಕಳು ತಪ್ಪಿದರು ಎಂಬುದಕ್ಕಿಂತ ತಪ್ಪಿದ ಮೇಲೂ ಅವರ ಕೈಗೆ ದೇವರ ಕೆಲಸವನ್ನು ಬಿಟ್ಟಿದ್ದನು ಎಂಬುದೇ ಅವನ ಮೇಲಿನ ದೂರು. ಅಭ್ಯರ್ಥಿಯ ಮನೆಯವರಲ್ಲಿ ಯಾರು ಸಭೆಯ ಲೆಕ್ಕ, ಹಾಡಿನ ತಂಡ, ಕಟ್ಟಡದ ಗುತ್ತಿಗೆ ಹಿಡಿದಿದ್ದಾರೆ ಎಂದು ನೋಡಬೇಕಾದದ್ದು ಇದಕ್ಕೇ.

ಏಕಪತ್ನಿಯುಳ್ಳವನು ಎಂಬುದು ಮದುವೆಯಾಗದವರನ್ನೂ ವಿಧುರರನ್ನೂ ಹೊರಗಿಡುವ ಮಾತಲ್ಲ. ಬರೆದ ಪೌಲನೇ ಒಂಟಿಯಾಗಿದ್ದವನು. ಹೆಣ್ಣುಮಕ್ಕಳು ಮುಂದಾಳುಗಳಾಗಿರುವ ಸಭೆಗಳಲ್ಲಿ ಇದೇ ಅಳತೆ ಅವರಿಗೂ ಸಲ್ಲುತ್ತದೆ. ದಕ್ಷಿಣ ಭಾರತ ಸಭೆಯ ನಂದ್ಯಾಲ ಡಯಾಸಿಸ್‌ಗೆ (ಒಬ್ಬ ಬಿಷಪ್ ನೋಡಿಕೊಳ್ಳುವ ಪ್ರಾಂತಕ್ಕೆ) 2013ರಲ್ಲಿ ಪುಷ್ಪಲಲಿತ ಅವರು ಬಿಷಪ್ ಆದರು. ಹೆಂಗಸರೆಂದು ಪ್ರಶ್ನೆ ಹೆಚ್ಚಿಸುವುದೂ ಬೇಡ, ಕಡಿಮೆ ಮಾಡುವುದೂ ಬೇಡ.

ಹಣ

ಸಭೆಗಳು ಒಡೆಯುವುದು ಉಪದೇಶದ ವಿಷಯಕ್ಕಿಂತ ಹೆಚ್ಚಾಗಿ ಹಣ ಮತ್ತು ಆಸ್ತಿಯ ಮೇಲೆ. ಆದ್ದರಿಂದ ಇಲ್ಲಿ ಹೆಚ್ಚು ಹೊತ್ತು ಕೊಡಿ.

ಮೊದಲು ಅಭ್ಯರ್ಥಿಯಿಂದ ಒಂದು ಪುಟದ ಹೇಳಿಕೆ ಬರೆಸಿಕೊಳ್ಳಿ: ಇರುವ ಸಾಲಗಳು, ನಡೆಯುತ್ತಿರುವ ಕೋರ್ಟ್ ವ್ಯಾಜ್ಯಗಳು, ಟ್ರಸ್ಟಿಯಾಗಿರುವ ಟ್ರಸ್ಟ್‌ಗಳು, ಸಭೆಯ ಸದಸ್ಯರ ಜೊತೆಗಿನ ಕೊಡುಕೊಳ್ಳುವಿಕೆ. ಸಾಲ ಇರುವುದೇ ದೋಷವಲ್ಲ. ಮಗಳ ಆಸ್ಪತ್ರೆ ಬಿಲ್ಲಿಗೆ ಸಾಲ ಮಾಡಿ ತಿಂಗಳು ತಿಂಗಳೂ ಕಟ್ಟುತ್ತಿರುವವರು, ಸಾಲವೇ ಇಲ್ಲದ ಜಿಪುಣರಿಗಿಂತ ಮೇಲು. ಎಚ್ಚರ ವಹಿಸಬೇಕಾದದ್ದು ಮುಚ್ಚಿಟ್ಟ ಸಾಲಕ್ಕೆ. ಸಾಲದ ದಾಖಲೆ ಇಡುವ ಪ್ರತಿ ಕ್ರೆಡಿಟ್ ಮಾಹಿತಿ ಸಂಸ್ಥೆಯಿಂದ ವರ್ಷಕ್ಕೊಮ್ಮೆ ಪೂರ್ಣ ವರದಿ ಉಚಿತವಾಗಿ ಸಿಗುತ್ತದೆ, ತಂದು ತೋರಿಸಲಿ. ತೋರಿಸಿದ್ದನ್ನು ನೋಡಿ ಹಿಂದಿರುಗಿಸಿ, ಪ್ರತಿ ಇಟ್ಟುಕೊಳ್ಳಬೇಡಿ.

ಸದಸ್ಯರ ಹತ್ತಿರ ಕೈಸಾಲ ಪಡೆದಿದ್ದಾರೆಯೇ? ವಿಧವೆಯರಿಂದ, ನಿವೃತ್ತಿ ಹಣ ಬಂದವರಿಂದ? ಸಭೆಯೊಳಗೆ ಚೀಟಿ ನಡೆಸುತ್ತಾರೆಯೇ, ಬಡ್ಡಿಗೆ ಕೊಡುತ್ತಾರೆಯೇ? ನಿಕೇಯ ಮಹಾಸಭೆ ಬಡ್ಡಿ ವ್ಯವಹಾರ ಮಾಡುವ ಸಭಾಸೇವಕರನ್ನು ಹುದ್ದೆಯಿಂದ ತೆಗೆಯಬೇಕೆಂದು ತೀರ್ಮಾನಿಸಿತ್ತು. ಸಾಲಗಾರ ಸದಸ್ಯನು ಹಿರಿಯನ ವಿರುದ್ಧ ಕೈ ಎತ್ತಲಾರನು ಎಂಬುದನ್ನು ನೆನೆದರೆ ಆ ನಿಯಮದ ತೂಕ ತಿಳಿಯುತ್ತದೆ. ಆನ್‌ಲೈನ್ ರಮ್ಮಿ, ಬೆಟ್ಟಿಂಗ್ ಚಟವನ್ನೂ ಕುಡಿತದಷ್ಟೇ ಗಟ್ಟಿಯಾಗಿ ವಿಚಾರಿಸಿ.

ಇನ್ನು ಹಣ ಮುಟ್ಟುವ ರೀತಿ. ಇದನ್ನು ಕೇಳಿ ತಿಳಿಯುವುದಕ್ಕಿಂತ ಮಾಡಿಸಿ ನೋಡುವುದು ಒಳ್ಳೆಯದು. ಮೂರು ತಿಂಗಳು ಕಾಣಿಕೆ ಎಣಿಸುವ ಕೆಲಸದಲ್ಲಿ ಸೇರಿಸಿಕೊಳ್ಳಿ, ನಿಯಮಗಳನ್ನು ಬಿಗಿಯಾಗಿಯೇ ಇಡಿ. ಆರಾಧನೆ ಮುಗಿದ ಕೂಡಲೇ, ಸಭೆಯ ಕಟ್ಟಡದಲ್ಲೇ, ಸಂಬಂಧಿಕರಲ್ಲದ ಇಬ್ಬರು ಎಣಿಸಬೇಕು. 500ರ ನೋಟು ಎಷ್ಟು, 100ರದ್ದು ಎಷ್ಟು, ಚಿಲ್ಲರೆ ಎಷ್ಟು ಎಂದು ಬಿಡಿಬಿಡಿಯಾಗಿ ಬರೆದು ಇಬ್ಬರೂ ಸಹಿ ಹಾಕಬೇಕು. ಸೋಮವಾರ ಬ್ಯಾಂಕಿಗೆ ಕಟ್ಟಬೇಕು, ನಡುವೆ ಅದರಿಂದ ಒಂದು ರೂಪಾಯಿಯನ್ನೂ ಖರ್ಚಿಗೆ ತೆಗೆಯಬಾರದು. ರಸೀದಿ ಪುಸ್ತಕದ ಸಂಖ್ಯೆ ಹಾರಬಾರದು. ಕ್ಯೂಆರ್ ಕೋಡ್ ಸಭೆಯ ಖಾತೆಗೇ ಸೇರಿರಬೇಕು. ಪಾಸ್ಟರ ಸ್ವಂತ ಫೋನ್ ನಂಬರಿಗೆ ದಶಮಾಂಶ (ಆದಾಯದ ಹತ್ತನೇ ಒಂದು ಪಾಲಿನ ಕಾಣಿಕೆ) ಹಾಕುವ ರೂಢಿ ಎಷ್ಟೋ ಸಭೆಗಳಲ್ಲಿ ಬೇರೂರಿದೆ. ಒಳ್ಳೆಯ ಮನುಷ್ಯನನ್ನೂ ಅನುಮಾನಕ್ಕೆ ದೂಡುವ ರೂಢಿ ಅದು, ಇಂದೇ ನಿಲ್ಲಿಸಬೇಕು.

ಈ ನಿಯಮಗಳ ಮುಂದೆ ಅಭ್ಯರ್ಥಿ ಹೇಗಿರುತ್ತಾರೆ ಎಂಬುದೇ ಪರೀಕ್ಷೆ. 'ನನ್ನ ಮೇಲೆ ನಂಬಿಕೆ ಇಲ್ಲವೇ?' ಎಂದು ಮುನಿಸಿಕೊಂಡರೆ ಪೌಲನ ಉದಾಹರಣೆ ತೋರಿಸಿ. ಯೆರೂಸಲೇಮಿನ ಬಡವರಿಗಾಗಿ ಎತ್ತಿದ ಹಣವನ್ನು ಅವನು ಒಬ್ಬನೇ ಒಯ್ಯಲಿಲ್ಲ. ಸಭೆಗಳೇ ಆರಿಸಿದವರನ್ನು ಜೊತೆಗೆ ಸೇರಿಸಿಕೊಂಡನು, ಕರ್ತನ ಮುಂದೆ ಮಾತ್ರವಲ್ಲ ಮನುಷ್ಯರ ಮುಂದೆಯೂ ಸರಿಯಾಗಿ ಕಾಣಬೇಕೆಂದನು (2 ಕೊರಿಂಥ 8:18-21). ಅಪೊಸ್ತಲನಿಗೆ ಅವಮಾನವೆನಿಸದ ಲೆಕ್ಕ ನಮಗೆ ಅವಮಾನವಾಗಬಾರದು.

ವಿದೇಶದಿಂದ ಹಣ ಪಡೆಯುವ ಸಂಸ್ಥೆ ನಡೆಸಿದವರಾದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಮತ್ತು ವಾರ್ಷಿಕ ಲೆಕ್ಕಪತ್ರ ಕೇಳಿ. 2020ರ ತಿದ್ದುಪಡಿಯ ನಂತರ ಆ ಹಣ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಆಡಳಿತ ವೆಚ್ಚ ಶೇ. 20 ಮೀರಬಾರದು, ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ.

ಹಣಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ದೋಷ ಸಂಖ್ಯೆ ಉಬ್ಬಿಸುವುದು. ಮೂವತ್ತು ಜನ ಸೇರಿದ್ದನ್ನು ಮುನ್ನೂರು ಎಂದು ವರದಿ ಬರೆಯುವವರು ಲೆಕ್ಕಪುಸ್ತಕದಲ್ಲೂ ಹಾಗೆಯೇ ಬರೆದಾರು. 1948ರಲ್ಲಿ ಅಮೆರಿಕದ ಮೊಡೆಸ್ಟೊದಲ್ಲಿ ಸುವಾರ್ತೆ ಸಾರುತ್ತಿದ್ದ ಬಿಲ್ಲಿ ಗ್ರಹಾಂ ಮತ್ತು ಜೊತೆಗಾರರು ತಮಗೆ ತಾವೇ ಹಾಕಿಕೊಂಡ ನಾಲ್ಕು ಕಟ್ಟುಪಾಡುಗಳಲ್ಲಿ ಹಣ, ಲೈಂಗಿಕ ಶುದ್ಧತೆ, ಸ್ಥಳೀಯ ಸಭೆಗಳ ಟೀಕೆ ಇವುಗಳ ಜೊತೆಗೆ ಸಂಖ್ಯೆಯ ಉತ್ಪ್ರೇಕ್ಷೆಯನ್ನೂ ಸೇರಿಸಿದ್ದರು. ಅಭ್ಯರ್ಥಿಯ ಹಳೆಯ ವರದಿಯೊಂದನ್ನು ತೆಗೆದು, ಅಲ್ಲಿಗೆ ಹೋಗಿದ್ದವರನ್ನು ಕೇಳಿ ಹೋಲಿಸಿ ನೋಡಿ.

ಕೋಪ ಮತ್ತು ಮೊದಲ ಸ್ಥಾನದ ಆಸೆ

ಕೆಳಗಿದ್ದು ಕೆಲಸ ಮಾಡಿದವರನ್ನು ಕೇಳಬೇಕು: ಸಂಡೇ ಸ್ಕೂಲ್ ಶಿಕ್ಷಕರು, ಚರ್ಚಿನ ಗಂಟೆ ಹೊಡೆಯುವವರು, ಕಸ ಗುಡಿಸುವವರು, ಯೌವನಸ್ಥರ ಸಂಘದ ಹುಡುಗರು. ಮೇಲಿನವರ ಮುಂದೆ ಎಲ್ಲರೂ ಸಾತ್ವಿಕರೇ.

ಮೂರನೆಯ ಯೋಹಾನ ಪತ್ರಿಕೆಯ ದಿಯೊತ್ರೇಫ ಎಂಬವನಲ್ಲಿ ನಾಲ್ಕು ಗುರುತುಗಳು ಸಾಲಾಗಿ ಸಿಗುತ್ತವೆ. ಮೊದಲ ಸ್ಥಾನ ಬೇಕೆನ್ನುತ್ತಾನೆ, ಬೇರೆ ಸೇವಕರ ಬಗ್ಗೆ ಕೆಟ್ಟ ಮಾತು ಹರಡುತ್ತಾನೆ, ಬಂದ ಸಹೋದರರನ್ನು ಸೇರಿಸುವುದಿಲ್ಲ, ಸೇರಿಸಿಕೊಳ್ಳುವವರನ್ನೂ ಸಭೆಯಿಂದ ಹೊರಗೆ ಹಾಕುತ್ತಾನೆ. ಮೊದಲ ಎರಡು ಕಂಡರೆ ಉಳಿದ ಎರಡು ಹುದ್ದೆ ಸಿಕ್ಕ ಮೇಲೆ ಬರುತ್ತವೆ. ಪರೀಕ್ಷಾಕಾಲದಲ್ಲಿ ಅಭ್ಯರ್ಥಿ ಸೂಚಿಸಿದ ಒಂದೆರಡು ವಿಷಯಗಳು ಸಭೆಯ ಮತಕ್ಕೆ ಹೋಗಿ ಬಿದ್ದುಹೋಗುವುದು ಸಹಜ. ಅದಾದ ಮೇಲೆ ಒಂದು ತಿಂಗಳು ಅವರ ಹಾಜರಿ, ಕೆಲಸ, ಮುಖಭಾವ ಮೊದಲಿನಂತೆಯೇ ಇದೆಯೇ ಗಮನಿಸಿ.

ಯಾರ ಮನೆಯಲ್ಲಿ ಊಟ

ಅತಿಥಿಸತ್ಕಾರವನ್ನು ಬಿಷಪ್ ಬಂದಾಗ ಮಾಡಿಸಿದ ಬಿರಿಯಾನಿಯಿಂದ ಅಳೆಯಬೇಡಿ. ತಿರುಗಿ ಕರೆಯಲಾರದವರನ್ನು ಕರೆಯಿರಿ ಎಂದು ಯೇಸು ಹೇಳಿದ್ದನ್ನು (ಲೂಕ 14:12-14) ಹಿಡಿದು, ಕಳೆದ ವರ್ಷ ಅವರ ಮನೆಯಲ್ಲಿ ಉಂಡವರಲ್ಲಿ ಅಂಥವರು ಯಾರಿದ್ದರು ಎಂದು ಕೇಳಿ. ನಮ್ಮ ಸಭೆಗಳಲ್ಲಿ ಇನ್ನೊಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: ದಲಿತ ಕುಟುಂಬಗಳ ಮನೆಯಲ್ಲಿ ಕೂತು ಉಂಡಿದ್ದಾರೆಯೇ, ಅಥವಾ ಬಾಗಿಲಲ್ಲೇ ಪ್ರಾರ್ಥನೆ ಮುಗಿಸಿ ಬರುತ್ತಾರೆಯೇ? ಮಕ್ಕಳ ಮದುವೆಯ ಮಾತು ಬಂದಾಗ ಜಾತಿ ಕೇಳಿದರೇ? ಅಂತಿಯೋಕ್ಯದಲ್ಲಿ ಪೇತ್ರನು ಅನ್ಯಜನರ (ಯೆಹೂದ್ಯರಲ್ಲದವರ) ಜೊತೆಗಿನ ಊಟದಿಂದ ಹಿಂದೆ ಸರಿದಾಗ ಪೌಲನು ಎಲ್ಲರ ಮುಂದೆಯೇ ಅವನನ್ನು ಖಂಡಿಸಿದನು (ಗಲಾತ್ಯ 2:11-14). ಅಪೊಸ್ತಲರಲ್ಲಿ ದೊಡ್ಡವನಿಗೇ ಬಿಡದ ಮಾತು ಇದು. ಉಳಿದೆಲ್ಲ ಸರಿಯಿದ್ದು ಇದೊಂದು ತಪ್ಪಿದ್ದರೂ ನೇಮಕ ಮಾಡಬಾರದು.

ಹೊರಗಿನವರ ಸಾಕ್ಷಿ

ಬಾಡಿಗೆ ಮನೆಯ ಮಾಲೀಕರು, ಕಿರಾಣಿ ಅಂಗಡಿಯವರು, ಆಫೀಸಿನ ಜೊತೆಗಾರರು, ಪಕ್ಕದ ಮನೆಯವರು. ಇವರು ಕ್ರೈಸ್ತರಾಗಿರಬೇಕಿಲ್ಲ, ಆಗಿರದಿದ್ದರೇ ಒಳ್ಳೆಯದು. 'ಒಂದು ಜವಾಬ್ದಾರಿ ಕೊಡುವವರಿದ್ದೇವೆ, ನಂಬಬಹುದೇ?' ಎಂದಷ್ಟೇ ಕೇಳಿದರೆ ಸಾಕು. ಧರ್ಮದ ಮೇಲಿನ ಸಿಟ್ಟಿನಿಂದ ಬಂದ ಮಾತನ್ನೂ ಬಾಕಿ ಉಳಿಸಿಕೊಂಡರೆಂಬ ದೂರನ್ನೂ ಬೇರ್ಪಡಿಸಿ ತೂಗಿ.

ಮಕ್ಕಳ ಸುರಕ್ಷತೆ

ಇಲ್ಲಿ ಸಭೆಯ ವಿವೇಚನೆಗಿಂತ ಕಾನೂನು ಮೊದಲು. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿದ್ದರೆ ಆರು ತಿಂಗಳವರೆಗೆ ಜೈಲು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ವಿಷಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸಹಾಯವಾಣಿ 1098. ಹಿಂದಿನ ಸಭೆಯಲ್ಲಿ ಇಂಥ ಮಾತು ಎದ್ದು 'ಒಳಗೊಳಗೇ ಬಗೆಹರಿಸಿದ್ದೇವೆ' ಎಂದರೆ ಅಲ್ಲೇ ನಿಲ್ಲಿಸಿ. ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಹಿರಿಯನ ಮೇಲಿನ ದೂರನ್ನು ಸ್ವೀಕರಿಸಬೇಡ ಎಂಬ ವಾಕ್ಯ (1 ತಿಮೊಥೆಯ 5:19) ಸುಳ್ಳು ಚಾಡಿಯಿಂದ ಕಾಪಾಡುವುದಕ್ಕೆ ಇರುವಂಥದ್ದು. ಮುಚ್ಚಿದ ಕೋಣೆಯಲ್ಲಿ ನಡೆದದ್ದಕ್ಕೆ ಮಗುವಿನಿಂದ ಸಾಕ್ಷಿ ಕೇಳುವುದಕ್ಕೆ ಅದನ್ನು ಬಳಸಬಾರದು.

ತೀರ್ಮಾನ

ಅಂಕ ಹಾಕಬೇಡಿ. ಪ್ರಸಂಗಕ್ಕೆ ಹತ್ತರಲ್ಲಿ ಒಂಬತ್ತು, ಕೋಪಕ್ಕೆ ನಾಲ್ಕು, ಸರಾಸರಿ ಪರವಾಗಿಲ್ಲ ಎಂಬ ಲೆಕ್ಕದಿಂದಲೇ ಅನಾಹುತಗಳಾಗುವುದು. ಒಂದು ಗುಣದ ಕೊರತೆಯನ್ನು ಇನ್ನೊಂದರ ಹೆಚ್ಚಳ ತುಂಬುವುದಿಲ್ಲ. ಪ್ರತಿ ಗುಣದ ಮುಂದೆ ಮೂರರಲ್ಲಿ ಒಂದನ್ನು ಬರೆಯಿರಿ: 'ಕಂಡಿದ್ದೇವೆ', 'ಕಂಡಿಲ್ಲ', 'ವಿರುದ್ಧವಾದದ್ದು ಕಂಡಿದೆ'. ಮೂರನೆಯದು ಒಂದಿದ್ದರೂ ನೇಮಕವಿಲ್ಲ. 'ಕಂಡಿಲ್ಲ' ಎಂಬುದನ್ನು ಒಪ್ಪಿಗೆ ಎಂದು ಎಣಿಸಬಾರದು. ಆ ಗುಣ ಹೊರಬರುವಂಥ ಕೆಲಸ ಕೊಟ್ಟು ಇನ್ನಾರು ತಿಂಗಳು ನೋಡಿ: ಆಸ್ಪತ್ರೆ ಭೇಟಿ, ಸಾವಿನ ಮನೆಯ ಕೆಲಸ, ಯಾರೂ ಚಪ್ಪಾಳೆ ತಟ್ಟದ ಜವಾಬ್ದಾರಿ.

ಎಲ್ಲ ಸರಿಯಿದ್ದರೆ ಎರಡು ಭಾನುವಾರ ಹೆಸರನ್ನು ಸಭೆಯಲ್ಲಿ ಓದಿ, ತಕರಾರು ಇದ್ದವರು ಹೆಸರು ಹಾಕಿ ಬರೆದು ಕೊಡಲು ಹೇಳಿ. ಬೇಡವೆಂದು ತೀರ್ಮಾನವಾದರೆ ಇಬ್ಬರು ಹೋಗಿ ಮುಖಾಮುಖಿ ತಿಳಿಸಿ. ಯಾವ ಗುಣ ಎಂದು ಹೇಳಿ, ಯಾರು ಹೇಳಿದರು ಎಂದು ಹೇಳಬೇಡಿ. ತಕ್ಕವರು ಸಿಗದಿದ್ದರೆ ಸ್ಥಾನ ಖಾಲಿ ಇರಲಿ. ದೊಡ್ಡ ಕಾಣಿಕೆ ಕೊಡುವವರು ಬೇಸರಪಟ್ಟುಕೊಳ್ಳುತ್ತಾರೆ ಎಂಬ ಭಯಕ್ಕೆ ತುಂಬಿಸಿದ ಸ್ಥಾನವನ್ನು ಮತ್ತೆ ಖಾಲಿ ಮಾಡಿಸಲು ವರ್ಷಗಳು ಬೇಕಾಗುತ್ತವೆ.

ನೇಮಕವಾದ ಮೇಲೆ

ಅವಧಿ ಮೂರು ವರ್ಷ ಇರಲಿ, ವರ್ಷಕ್ಕೊಮ್ಮೆ ಇದೇ ಮೂರು ಉತ್ತರಗಳ ಹಾಳೆಯನ್ನು ತೆಗೆಯಿರಿ. 1 ಪೇತ್ರ 5:2-3ರ ಎರಡು ಪ್ರಶ್ನೆ ಸೇರಿಸಿ: ಲಾಭದಾಸೆ ಬಂದಿದೆಯೇ, ದೊರೆತನ ಬಂದಿದೆಯೇ?

ತಪ್ಪು ಹೊರಬಂದಾಗ 'ಅಭಿಷಿಕ್ತನನ್ನು ಮುಟ್ಟಬೇಡಿ' ಎಂಬ ಮಾತು ಎಲ್ಲಿಂದಲೋ ಎದ್ದುಬರುತ್ತದೆ. ದೇವರ ಅಭಿಷಿಕ್ತನೆಂದು ದಾವೀದನು ರಾಜ ಸೌಲನನ್ನು ಕೊಲ್ಲಲಿಲ್ಲ, ನಿಜ. ಆದರೆ ಗುಹೆಯಿಂದ ಹೊರಬಂದು ಎಲ್ಲರಿಗೂ ಕೇಳುವಂತೆ ಅವನ ಅನ್ಯಾಯವನ್ನು ಹೇಳಿದನು (1 ಸಮುವೇಲ 24). ಅದೇ ದಾವೀದನು ತಪ್ಪಿದಾಗ ಪ್ರವಾದಿ ನಾತಾನನು ಎದುರು ನಿಂತು 'ಆ ಮನುಷ್ಯನು ನೀನೇ' ಎಂದನು. ಪ್ರಶ್ನಿಸಬಾರದು ಎಂಬ ಅರ್ಥ ಆ ಮಾತಿಗಿಲ್ಲ.

ಗಂಭೀರ ದೂರು ಬಂದ ದಿನವೇ ಬೀಗದ ಕೈ, ಚೆಕ್ ಸಹಿ, ಮಕ್ಕಳ ಕೆಲಸ, ಪ್ರಸಂಗ ನಾಲ್ಕನ್ನೂ ಹಿಂದಕ್ಕೆ ಪಡೆಯಿರಿ, ವಿಚಾರಣೆಯನ್ನು ಬೇರೆ ಸಭೆಯವರಿಗೆ ಒಪ್ಪಿಸಿ. ತಪ್ಪು ಸಾಬೀತಾದರೆ 'ಆರೋಗ್ಯದ ಕಾರಣದಿಂದ ಬಿಟ್ಟಿದ್ದಾರೆ' ಎಂಬ ಸುಳ್ಳು ಪ್ರಕಟಣೆ ಬೇಡ. ಅದನ್ನು ನಂಬಿ ಇನ್ನೊಂದು ಊರಿನ ಸಭೆ ಅವರನ್ನು ಕರೆಯುತ್ತದೆ. ಯಾವ ಬಗೆಯ ತಪ್ಪು, ಯಾವ ದಿನದಿಂದ ಹುದ್ದೆಯಲ್ಲಿಲ್ಲ, ಈಗ ಯಾರು ನೋಡಿಕೊಳ್ಳುತ್ತಾರೆ, ಈ ಮೂರನ್ನು ಹೇಳಿ. ನೊಂದವರ ಗುರುತು ಸಿಗುವ ಯಾವುದನ್ನೂ ಹೇಳಬೇಡಿ. ಪಶ್ಚಾತ್ತಾಪಪಟ್ಟವರನ್ನು ಕ್ಷಮಿಸಿ ಕರ್ತನ ಭೋಜನಕ್ಕೆ ಸೇರಿಸಿಕೊಳ್ಳುವುದು ಬೇರೆ, ಮತ್ತೆ ಹಿಂಡನ್ನು ಒಪ್ಪಿಸುವುದು ಬೇರೆ. ಮೊದಲನೆಯದಕ್ಕೆ ಸಭೆ ಸದಾ ಸಿದ್ಧವಿರಬೇಕು. ಎರಡನೆಯದು ಮಕ್ಕಳ ವಿಷಯದಲ್ಲಿ ತಪ್ಪಿದವರಿಗೆ ಎಂದಿಗೂ ಇಲ್ಲ. ಬೇರೆ ತಪ್ಪುಗಳಲ್ಲಾದರೆ ಮೇಲಿನ ಪರೀಕ್ಷೆ ಮೊದಲಿನಿಂದ, ಮೂರು ತಿಂಗಳ ಬದಲು ವರ್ಷಗಟ್ಟಲೆ, ಹಳೆಯ ಹಾಳೆಯನ್ನು ಮುಂದಿಟ್ಟುಕೊಂಡೇ ನಡೆಯಬೇಕು.